ಹೆಬ್ಬಾಳ ಕೆರೆಯಲ್ಲಿ 612 ಯುದ್ಧದೋಣಿ

ಯಶವಂತಪುರ ನಿಲ್ದಾಣದಲ್ಲಿ ನಿಂತ ಎಲ್‌ಎಚ್‌ಬಿ ಬೋಗಿಯೊಂದರ ಉದ್ದ ಸುಮಾರು 24 ಮೀಟರ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆ ಕಟ್ಟಿಸಿದ ಕ್ರೀಗ್ಸ್‌ಫಿಶ್‌ಕುಟ್ಟರ್ ಎಂಬ ಮರದ ಕಾವಲು ದೋಣಿಯ ಉದ್ದವೂ 24 ಮೀಟರ್. ಅಗಲ 6.4 ಮೀಟರ್, ಅಂದರೆ ಎರಡು ಬೋಗಿಗಳನ್ನು ಅಕ್ಕಪಕ್ಕ ಒತ್ತಿ ನಿಲ್ಲಿಸಿದಷ್ಟು. ತೂಕ 110 ಟನ್. ದಸರೆಯ ಅಂಬಾರಿ ಹೊರುವಂಥ, ತಲಾ 5 ಟನ್ನಿನ 22 ಗಂಡಾನೆಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹತ್ತಿಸಿದರೆ ಮುಳ್ಳು ನಡುವೆ ನಿಲ್ಲುತ್ತದೆ. ಮೀನುಗಾರಿಕೆ ದೋಣಿಯ ನಕ್ಷೆ, ಮರದ ಹೊರಮೈ, ಮೇಲೆ ಒಂದೆರಡು ತುಪಾಕಿ, ಹದಿನೈದು ಹದಿನೆಂಟು ಜನ ಸಿಬ್ಬಂದಿ. ಯುದ್ಧ ನಡೆಯುವಷ್ಟು ದಿನ ಕಾವಲು, ಮುಗಿದ ಮೇಲೆ ಮೀನು: ಕಟ್ಟಿಸುವಾಗಲೇ ಹಾಕಿಕೊಂಡ ಲೆಕ್ಕ ಇದು.

ಇದನ್ನು ಆರ್.ಟಿ. ನಗರದ ಒಂದು 30-40 ಸೈಟಿನಲ್ಲಿ ನಿಲ್ಲಿಸಬಹುದೇ? ಆಗದು. ಅಡಿ ಲೆಕ್ಕದಲ್ಲಿ ದೋಣಿಯ ಉದ್ದ 78 ಮುಕ್ಕಾಲು. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸೈಟು ಕೊಂಡರೆ 80 ಅಡಿ ಸಿಗುತ್ತದೆ. ಮುಂದೆ ಏಳೆಂಟು ಇಂಚು, ಹಿಂದೆ ಏಳೆಂಟು ಇಂಚು ಬಿಟ್ಟು ದೋಣಿ ಕೂರುತ್ತದೆ. ಸೆಟ್‌ಬ್ಯಾಕ್ ಅಳೆಯಲು ಬಂದ ಅಧಿಕಾರಿ ಹುಬ್ಬು ಗಂಟಿಕ್ಕಿಯಾರು. ಪಕ್ಕಗಳಲ್ಲಿ ಒಟ್ಟು 9 ಅಡಿ ಬಿಟ್ಟಿದ್ದೇವಲ್ಲ ಎಂದು ತೋರಿಸಬಹುದು. ಒಂದು ದೋಣಿಗೆ ಇಷ್ಟು ಸಾಕು.

ಆದರೆ ಜರ್ಮನರು ಒಂದಕ್ಕೆ ನಿಲ್ಲಿಸಲಿಲ್ಲ. ಹತ್ತಕ್ಕೂ ನಿಲ್ಲಿಸಲಿಲ್ಲ. ಅವರು ಕೊಟ್ಟ ಆರ್ಡರು 1,072 ದೋಣಿಗಳದ್ದು! ಏಳು ದೇಶಗಳ 42 ದೋಣಿಕಟ್ಟೆಗಳಲ್ಲಿ ಕೆಲಸ ಹಚ್ಚಿದರು. ಯುದ್ಧ ಮುಗಿಯುವ ಹೊತ್ತಿಗೆ 612 ಸಿದ್ಧವಾಗಿ ನೀರಿಗಿಳಿದಿದ್ದವು. ಜರ್ಮನಿಯ ಇತಿಹಾಸದಲ್ಲಿ ಒಂದೇ ನಕ್ಷೆಯಿಂದ ಇಷ್ಟು ನೌಕೆಗಳು ಹಿಂದೆ ಹುಟ್ಟಿರಲಿಲ್ಲ, ಮುಂದೆಯೂ ಹುಟ್ಟಲಿಲ್ಲ. 1942ರಲ್ಲಿ ಶುರುವಾದ ಕೆಲಸ 1945ರ ಮೇ ತಿಂಗಳಿಗೆ ನಿಂತಿತು. ಮೂರು ವರ್ಷಕ್ಕೆ ಭಾಗಿಸಿದರೆ ಎರಡು ದಿನ ತುಂಬುವ ಮೊದಲೇ ಒಂದು ದೋಣಿ. ನಮ್ಮಲ್ಲಿ ಒಂದು ಅಂಡರ್‌ಪಾಸ್ ಮುಗಿಯುವ ಅವಧಿಯಲ್ಲಿ ಅವರು 612 ದೋಣಿ ಮುಗಿಸಿದರು ಎಂದರೆ ಅತಿಶಯೋಕ್ತಿ ಎನ್ನುವವರು ಯಾವ ಬಡಾವಣೆಯವರೋ ನೋಡಬೇಕು.

612 ಎಂದರೆ ಎಷ್ಟು? 22 ಬೋಗಿಗಳ ರೈಲು ಹಿಡಿಯೋಣ. ಒಂದು ದೋಣಿಗೆ ಒಂದು ಬೋಗಿಯಂತೆ ಜೋಡಿಸಿದರೆ ಯಶವಂತಪುರದಿಂದ 27 ರೈಲು ಭರ್ತಿಯಾಗಿ ಹೊರಟು, 28ನೆಯದರಲ್ಲಿ 18 ಬೋಗಿ ತುಂಬಿರುತ್ತದೆ. ರೈಲು ಬೇಡ, ರಸ್ತೆ ಸಾಕು ಎನ್ನುವವರು ಬಳ್ಳಾರಿ ರಸ್ತೆಗೆ ಬನ್ನಿ. ಮೊದಲ ದೋಣಿಯ ಬಾಲವನ್ನು ಮೇಖ್ರಿ ಸರ್ಕಲ್‌ನಲ್ಲಿಟ್ಟು, ಒಂದರ ಮೂತಿಗೆ ಮತ್ತೊಂದರ ಬಾಲ ಕೂಡಿಸುತ್ತ ಹೋದರೆ ಸಾಲು ಹೆಬ್ಬಾಳ ದಾಟುತ್ತದೆ, ಕೊಡಿಗೇಹಳ್ಳಿ ಗೇಟು ದಾಟುತ್ತದೆ, ಜಕ್ಕೂರು ದಾಟುತ್ತದೆ, ಕೋಗಿಲು ಕ್ರಾಸ್ ದಾಟುತ್ತದೆ. 14.7 ಕಿಲೋಮೀಟರ್ ಉದ್ದದ ಆ ಮರದ ಸಾಲಿನ ತುದಿ ಯಲಹಂಕ ವಾಯುನೆಲೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರ್ಡರಿನಂತೆ 1,072 ದೋಣಿಗಳೂ ಬಂದಿದ್ದರೆ ಸಾಲು ಹೆಚ್ಚುಕಡಿಮೆ 26 ಕಿಲೋಮೀಟರ್ ಆಗಿ, ಹೆಬ್ಬಾಳದಿಂದ ಹೊರಟದ್ದು ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ ಮುಗಿಯುತ್ತಿತ್ತು.

ದೋಣಿಗೆ ರಸ್ತೆಯೇಕೆ, ನೀರು ಇಲ್ಲವೇ ಎಂದರೆ ಇದೆ. ಹೆಬ್ಬಾಳ ಕೆರೆಯ ಹರವು ಸುಮಾರು 150 ಎಕರೆ. ಸಮುದ್ರದಿಂದ ಬಲು ಎತ್ತರದಲ್ಲಿ, ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ದೂರದಲ್ಲಿ ಕುಳಿತ ಈ ಕೆರೆಗೆ ಇಡೀ 612 ದೋಣಿಗಳನ್ನು ತಂದು ಒತ್ತೊತ್ತಾಗಿ ಕಟ್ಟಿಹಾಕಿದರೆ ಬೇಕಾಗುವ ಜಾಗ 23 ಎಕರೆ ಚಿಲ್ಲರೆ. ಕೆರೆಯ ಆರನೇ ಒಂದು ಪಾಲು! ಉಳಿದ ಐದು ಪಾಲಿನಲ್ಲಿ ಹೆಜ್ಜಾರ್ಲೆಗಳು ಎಂದಿನಂತೆ ಮೀನು ಹಿಡಿದುಕೊಂಡಿರಬಹುದು. ಒಂದೇ ತೊಡಕು, ದೋಣಿಯ ತಳಕ್ಕೆ 2.75 ಮೀಟರ್ ಆಳದ ನೀರು ಬೇಕು. ಒಬ್ಬ ಆಳಿನ ಮೇಲೆ ಇನ್ನೊಬ್ಬ ಅರ್ಧ ಆಳು ನಿಂತಷ್ಟು. ಬೇಸಿಗೆಯಲ್ಲಿ ಹೂಳು ನೋಡಿಕೊಂಡು ಇಳಿಸಬೇಕಾದೀತು.

ತೂಕಕ್ಕೆ ಬನ್ನಿ. 110 ಟನ್ನನ್ನು 612ರಿಂದ ಗುಣಿಸಿದರೆ 67,320 ಟನ್. ತಲಾ 5 ಟನ್ನಿನ ಆನೆಗಳಾದರೆ 13,464. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳ ಅಂದಾಜು 6,395. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಎಲ್ಲವನ್ನೂ ಬರಿದು ಮಾಡಿ, ಮರಿಯಾನೆಗಳನ್ನೂ ದೊಡ್ಡವೆಂದೇ ಲೆಕ್ಕ ಹಿಡಿದರೂ ಅರ್ಧ ದೋಣಿಪಡೆಗೂ ಸಮವಾಗದು. ಜರ್ಮನಿ ಹೆಮ್ಮೆಯಿಂದ ಮೆರೆಸಿದ ಉಕ್ಕಿನ ಯುದ್ಧನೌಕೆ ಬಿಸ್ಮಾರ್ಕ್ ಇತ್ತಲ್ಲ, ಅದು ಇಂಧನ ಮದ್ದುಗುಂಡು ಎಲ್ಲ ತುಂಬಿಕೊಂಡಾಗ ತೂಗುತ್ತಿದ್ದದ್ದು ಸುಮಾರು 50,000 ಟನ್. ಈ ಮೀನುದೋಣಿಗಳ ಮಂದೆ ಅದಕ್ಕಿಂತ 17,000 ಟನ್ ಹೆಚ್ಚು ಭಾರ. ಬಿಸ್ಮಾರ್ಕ್ ಸೇವೆಗೆ ಸೇರಿದ್ದು 1940ರ ಆಗಸ್ಟ್ 24ರಂದು. 1941ರ ಮೇ 27ರಂದು, ತನ್ನ ಮೊದಲ ಕಾರ್ಯಾಚರಣೆಯಲ್ಲೇ, ತಳ ಸೇರಿತು. ದೋಣಿಗಳ ಪೈಕಿ ಹಲವು ಯುದ್ಧ ಮುಗಿದ ಮೇಲೂ ದಶಕಗಟ್ಟಲೆ ಬಲೆ ಎಳೆದವು.

ಇಷ್ಟು ಮರವೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉಕ್ಕಿನ ಅಭಾವ ಒಂದು. ಕಬ್ಬಿಣದ ಒಡಲು ಹತ್ತಿರ ಬಂದರೆ ಸಾಕು ಸಿಡಿಯುವ ಅಯಸ್ಕಾಂತದ ಮೈನುಗಳು ಸಮುದ್ರದ ತುಂಬ ಬಿದ್ದಿದ್ದದ್ದು ಇನ್ನೊಂದು. ಮರಕ್ಕೆ ಅಯಸ್ಕಾಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಮರ ತಲೆ ಕೆಡಿಸಿಕೊಳ್ಳಬೇಕಾದದ್ದು ಮರ ಕೊರೆಯುವ ಸಮುದ್ರದ ಹುಳುಗಳ ಬಗ್ಗೆ. ಅವುಗಳ ಕಥೆ ಬೇಕಾದವರು ಯಶವಂತಪುರದ ಮಗ್ಗುಲಲ್ಲೇ, ಮಲ್ಲೇಶ್ವರ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಸಂಸ್ಥೆಗೆ ಹೋಗಬೇಕು. 1938ರಲ್ಲಿ ಮೈಸೂರು ಸಂಸ್ಥಾನ ಅರಣ್ಯ ಸಂಶೋಧನಾ ಪ್ರಯೋಗಾಲಯವೆಂದು ಶುರುಮಾಡಿದ ಜಾಗ ಅದು. ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು, ಸಮುದ್ರದ ನೀರಿನಲ್ಲಿ ಮರ ಹೇಗೆ ಹಾಳಾಗುತ್ತದೆಂದು ಅಭ್ಯಾಸ ಮಾಡುವವರು ಅಲ್ಲಿದ್ದಾರೆ.

ದೋಣಿಯ ವೇಗ ಮಾತ್ರ ಕೇಳಬೇಡಿ. ಕೇಳಿದರೆ, 9 ನಾಟ್. ಗಂಟೆಗೆ 16.7 ಕಿಲೋಮೀಟರ್, ಅಂದರೆ 10 ಕಿಲೋಮೀಟರಿಗೆ 36 ನಿಮಿಷ. ಸಂಜೆ ಆರರ ಮೇಲೆ ಹೆಬ್ಬಾಳ ಫ್ಲೈಓವರ್ ಹತ್ತುವವರಿಗೆ ಈ ವೇಗದ ಪರಿಚಯ ಮಾಡಿಕೊಡಬೇಕಿಲ್ಲ. ಎಂಜಿನ್ 220 ಅಶ್ವಶಕ್ತಿಯದು. ಬಿಎಂಟಿಸಿಯ ಹವಾನಿಯಂತ್ರಿತ ವೋಲ್ವೊ ಬಸ್ಸಿಗೇ 290 ಅಶ್ವಶಕ್ತಿ ಇದೆ! 22 ಆನೆಗಳ ಭಾರವನ್ನು ಒಂದು ಬಸ್ಸಿಗೂ ಸಾಲದ ಎಂಜಿನ್ನಿನಿಂದ ಎಳೆಸಿದರು. ಟನ್ನಿಗೆ 2 ಅಶ್ವಶಕ್ತಿ. ಅದೇ ಲೆಕ್ಕದಲ್ಲಿ ಒಂದು ಮಾರುತಿ 800 ಕಾರು ಓಡಬೇಕಾದರೆ ತೋಟದ 3 ಎಚ್‌ಪಿ ಪಂಪ್‌ಸೆಟ್ ಮೋಟಾರಿನ ಅರ್ಧದಷ್ಟು ಕೂಡ ಸಿಗುವುದಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿಯ 320 ಕಿಲೋಮೀಟರ್ ಕ್ರಮಿಸಲು ಈ ದೋಣಿಗೆ 19 ಗಂಟೆ ಬೇಕು.

ಅದೇ ನೌಕಾಪಡೆ, ಅದೇ ಮರದಿಂದ ಮಾಡಿದ, ಅದೇ 320 ಕಿಲೋಮೀಟರನ್ನು 4 ಗಂಟೆಯೊಳಗೆ ಮುಗಿಸುವ ಇನ್ನೊಂದು ದೋಣಿಯನ್ನೂ ಹೊಂದಿತ್ತು.

ಅದು ಷ್ನೆಲ್‌ಬೋಟ್. ಜರ್ಮನರು ಎಸ್-ಬೋಟ್ ಎಂದರು, ಬ್ರಿಟಿಷರು ಇ-ಬೋಟ್ ಎಂದರು. ಯುದ್ಧದ ನಡುವೆ ಬಂದ ಎಸ್-100 ಮಾದರಿಯ ಉದ್ದ 35 ಮೀಟರ್, ಅಗಲ 5 ಮೀಟರ್ ಚಿಲ್ಲರೆ, ತೂಕ ಸುಮಾರು 100 ಟನ್. ಮೂರು ಬಿಎಂಟಿಸಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಪಕ್ಕಕ್ಕೆ ಇನ್ನು ಮೂರು ಸೇರಿಸಿ: ಆ ಆರು ಬಸ್ಸುಗಳು ಹಿಡಿಯುವ ಜಾಗ. ಹಗುರ ಲೋಹದ ಪಕ್ಕೆಲುಬು, ಅದರ ಮೇಲೆ ಒಂದರ ಮೇಲೊಂದು ಪದರ ಹಲಗೆ. ಒಳಗೆ ಡೈಮ್ಲರ್-ಬೆಂಜ್‌ನ ಮೂರು ಡೀಸೆಲ್ ಎಂಜಿನ್. ಒಂದೊಂದಕ್ಕೂ 20 ಸಿಲಿಂಡರ್, ಒಟ್ಟು 60. ಒಂದೊಂದೂ 2,000 ಅಶ್ವಶಕ್ತಿ, ಒಟ್ಟು 6,000!

ಯಶವಂತಪುರದಿಂದ 22 ಬೋಗಿಗಳನ್ನು ಎಳೆದುಕೊಂಡು ಹೋಗುವ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನಿನ ಶಕ್ತಿ 6,350 ಅಶ್ವಶಕ್ತಿ, ತೂಕ 123 ಟನ್. ಅಂದರೆ ಇಡೀ ರೈಲನ್ನು ಎಳೆಯುವ ತಾಕತ್ತನ್ನು ಆ ರೈಲಿನ ಎಂಜಿನ್ನಿಗಿಂತ ಹಗುರವಾದ ಮರದ ದೋಣಿಯೊಳಗೆ ತುರುಕಿದ್ದರು. ದೋಣಿ, ಟಾರ್ಪಿಡೊ, ತುಪಾಕಿ, ಡೀಸೆಲ್, ಅಡುಗೆಯವನು, ಅವನ ಪಾತ್ರೆ ಎಲ್ಲ ಸೇರಿ 100 ಟನ್. ಟನ್ನಿಗೆ 60 ಅಶ್ವಶಕ್ತಿ. ಮಾರುತಿ 800ರ ಅನುಪಾತ ಹೆಚ್ಚುಕಡಿಮೆ ಇದೇ: ಮುಕ್ಕಾಲು ಟನ್ನಿಗೂ ಕಡಿಮೆ ತೂಕ, 37 ಅಶ್ವಶಕ್ತಿ. ಎಂದರೆ 35 ಮೀಟರ್ ಉದ್ದದ, 100 ಟನ್ನಿನ ಮಾರುತಿ 800 ಒಂದು ಉತ್ತರ ಸಮುದ್ರದ ಅಲೆಗಳ ಮೇಲೆ ಓಡುತ್ತಿತ್ತು.

ಎಷ್ಟು ಜೋರಾಗಿ? 43.8 ನಾಟ್. ಗಂಟೆಗೆ 81 ಕಿಲೋಮೀಟರ್. ನಮ್ಮ ವಿಮಾನ ನಿಲ್ದಾಣದ ರಸ್ತೆಯಲ್ಲಿ ಕಾರುಗಳಿಗೆ ಇರುವ ಮಿತಿ 80. ಸಾದಹಳ್ಳಿ ಹತ್ತಿರ ಈ ದೋಣಿ ಕ್ಯಾಮೆರಾಕ್ಕೆ ಸಿಕ್ಕರೆ ಮನೆಗೆ ಚಲನ್ ಬರುತ್ತಿತ್ತು. ಡೀಸೆಲ್ ಟ್ಯಾಂಕು 13.5 ಟನ್ ಹಿಡಿಯುತ್ತಿತ್ತು, ಲೀಟರಿನಲ್ಲಿ ಸುಮಾರು 16,000. ಬೇಸಿಗೆಯಲ್ಲಿ ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮುಂದೆ ನಿಲ್ಲುವ 6,000 ಲೀಟರಿನ ನೀರಿನ ಟ್ಯಾಂಕರ್ ಎರಡೂ ಮುಕ್ಕಾಲು. ಅಷ್ಟು ತುಂಬಿಸಿಕೊಂಡು 35 ನಾಟ್ ವೇಗದಲ್ಲಿ 700 ನಾಟಿಕಲ್ ಮೈಲಿ ಹೋಗುತ್ತಿತ್ತು. ನಮ್ಮ ಕರಾವಳಿಯನ್ನು ನಾಲ್ಕು ಸಲ ಅಳೆದಷ್ಟು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ 12 ಲೀಟರ್. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವ ನಮ್ಮ ಪದ್ಧತಿಯನ್ನು ತಿರುಗಿಸಿ ಹಿಡಿಯಬೇಕು.

ಇದಕ್ಕೆಲ್ಲ ಮೂಲ ಯುದ್ಧವಲ್ಲ, ಸಿರಿತನ. ನ್ಯೂಯಾರ್ಕಿನ ಬ್ಯಾಂಕರ್ ಒಟ್ಟೊ ಹರ್ಮನ್ ಕಾನ್‌ಗೆ ಲಾಂಗ್ ಐಲೆಂಡಿನಲ್ಲಿ 127 ಕೋಣೆಗಳ ಮನೆಯಿತ್ತು. 1,09,000 ಚದರಡಿ, ಆರ್.ಟಿ. ನಗರದ ತೊಂಬತ್ತು 30-40 ಸೈಟು! ಅಂಥವನಿಗೆ ಸಾಧಾರಣ ದೋಣಿ ಹಿಡಿಸೀತೇ? ಬ್ರೆಮೆನ್ ಬಳಿಯ ಫೆಗೆಸಾಕ್‌ನ ಲ್ಯೂರ್ಸನ್ ಕಂಪನಿ 1927ರಲ್ಲಿ ಅವನಿಗಾಗಿ ಒಹೇಕಾ-2 ಎಂಬ ವಿಹಾರ ನೌಕೆ ಕಟ್ಟಿಕೊಟ್ಟಿತು. ವೇಗ 34 ನಾಟ್. ಮೂರೇ ವರ್ಷಕ್ಕೆ, 1930ರಲ್ಲಿ, ಅದೇ ನಕ್ಷೆ ಬೆಳೆದು ಟಾರ್ಪಿಡೊ ಹೊತ್ತ ಎಸ್-1 ಆಯಿತು. ಕಾನ್ ಯಹೂದಿ. ಅವನ ಮೋಜಿನ ದೋಣಿಯ ಸಂತಾನ ಯುದ್ಧದಲ್ಲಿ ಏನು ಮಾಡಿತೆಂಬುದನ್ನು ನೋಡಲು ಅವನು ಉಳಿದಿರಲಿಲ್ಲ, 1934ರಲ್ಲೇ ತೀರಿಕೊಂಡಿದ್ದ.

ಬ್ರೆಮೆನ್ ಎಂದಾಗ ಬೆಂಗಳೂರಿನವರು ಒಂದು ಕ್ಷಣ ಕಿವಿ ನಿಮಿರಿಸಬೇಕು. ಅದೇ ಊರಿನ ಫೋಕೆ-ವುಲ್ಫ್ ವಿಮಾನ ಕಾರ್ಖಾನೆಯ ಮುಖ್ಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಹಿಂದುಸ್ತಾನ್ ಏರ್‌ಕ್ರಾಫ್ಟಿಗೆ ಬಂದರು. ಯುದ್ಧದ ದಿನಗಳಲ್ಲಿ ಅವರೂ ಮರದ ಯುದ್ಧವಿಮಾನವೊಂದನ್ನು ರೂಪಿಸಿದ್ದವರು. ಇಲ್ಲಿ ಮರುತ್ ಎಂಬ ಜೆಟ್ ವಿಮಾನ ಕಟ್ಟುವ ಮುನ್ನ 1959ರಲ್ಲಿ ಹಾರಿಸಿ ನೋಡಿದ್ದು ಅದೇ ಅಳತೆಯ ಮರದ ಗ್ಲೈಡರನ್ನು. 1961ರ ಜೂನ್ 17ರಂದು ಲೋಹದ ಮರುತ್ ಹಾರಿತು. ನೀರಿನ ಯಂತ್ರಗಳಿಗೂ ಊರು ಹೊಸದಲ್ಲ. ಯುದ್ಧಕಾಲದಲ್ಲಿ ರಿಪೇರಿಗೆಂದು ಬರುತ್ತಿದ್ದ ಕ್ಯಾಟಲಿನಾ ಕಡಲವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 104 ಅಡಿ, ಎಸ್-ಬೋಟಿನ ಉದ್ದಕ್ಕೆ ಹತ್ತಡಿಯಷ್ಟೇ ಕಡಿಮೆ.

ಮತ್ತೆ ದೋಣಿಗೆ. ಎಸ್-ಬೋಟು ಹೊರುತ್ತಿದ್ದದ್ದು ನಾಲ್ಕು ಟಾರ್ಪಿಡೊ. ಒಂದೊಂದೂ 7 ಮೀಟರಿಗಿಂತ ಉದ್ದ, 1,528 ಕಿಲೊ, ಅದರಲ್ಲಿ ಸಿಡಿಮದ್ದು 280 ಕಿಲೊ. ಹೆಬ್ಬಾಳ ಫ್ಲೈಓವರ್‌ನಿಂದ ಬಿಟ್ಟರೆ ನಾಲ್ಕೂವರೆ ನಿಮಿಷದೊಳಗೆ ಜಕ್ಕೂರಿನ ವಿಮಾನ ಮೈದಾನವನ್ನು ದಾಟಿರುತ್ತದೆ. ಅದರ ವೇಗ 44 ನಾಟ್. ಈಗ ಹಿಂದಿನ ಪ್ಯಾರಾಗಳತ್ತ ಕಣ್ಣು ಹಾಯಿಸಿ: ದೋಣಿಯ ಗರಿಷ್ಠ ವೇಗ 43.8! ತಾನು ಬಿಟ್ಟ ಬಾಣದ ಪಕ್ಕದಲ್ಲೇ ಓಡಬಲ್ಲ ಬಿಲ್ಲುಗಾರ. ಎರಡೂ ಒಟ್ಟಿಗೆ ಹೊರಟರೆ ಒಂದು ಗಂಟೆಯ ಕೊನೆಗೆ ಟಾರ್ಪಿಡೊ ಮುಂದಿರುವುದು 370 ಮೀಟರಿನಷ್ಟು. ಅಷ್ಟು ಹೊತ್ತು ಓಡುವ ದಮ್ಮು ಟಾರ್ಪಿಡೊಗೆ ಇರಲಿಲ್ಲ, ದೋಣಿಗಿತ್ತು.

1940ರ ಮೇ 9ರ ರಾತ್ರಿ ಎಸ್-31 ಎಂಬ ದೋಣಿ ಇಂಥದ್ದೊಂದನ್ನು ಬ್ರಿಟಿಷ್ ಡೆಸ್ಟ್ರಾಯರ್ ಕೆಲ್ಲಿಯತ್ತ ಬಿಟ್ಟಿತು. ಕೆಲ್ಲಿಯ ತೂಕ ಸುಮಾರು 1,700 ಟನ್, ಹೊಡೆದವನದು ಅದರ ಹದಿನೇಳನೇ ಒಂದು ಪಾಲೂ ಅಲ್ಲ. 27 ಜನ ಸತ್ತರು. ಹಡಗು ಮುಳುಗದೆ ಉಳಿಯಿತು, ಅದನ್ನು ಎಳೆದುಕೊಂಡು ಇಂಗ್ಲೆಂಡಿನ ದಡ ಸೇರಿಸಲು ನಾಲ್ಕು ದಿನ ಹಿಡಿಯಿತು. ಹಡಗಿನ ಮೇಲಿದ್ದ ಕ್ಯಾಪ್ಟನ್ ಲಾರ್ಡ್ ಲೂಯಿ ಮೌಂಟ್‌ಬ್ಯಾಟನ್. ಏಳು ವರ್ಷ ಕಳೆದು ದೆಹಲಿಗೆ ಬಂದ ಕೊನೆಯ ವೈಸ್‌ರಾಯ್ ಅವರೇ.

ದೋಣಿ ನೀರಿನಲ್ಲಿ ಓಡಿದ್ದು ದೊಡ್ಡದಲ್ಲ, ರಸ್ತೆಯಲ್ಲಿ ಓಡಿದ್ದು ನೋಡಿ. 1942ರಲ್ಲಿ ಆರು ಎಸ್-ಬೋಟುಗಳು ಕಪ್ಪು ಸಮುದ್ರದಲ್ಲಿ ಬೇಕಾದವು. ಸಮುದ್ರದ ದಾರಿ ಶತ್ರುವಿನ ಕೈಲಿತ್ತು. ಎಂಜಿನ್, ತುಪಾಕಿ, ಮೇಲಿನ ಕಟ್ಟಡ ಬಿಚ್ಚಿ, ಬರಿಯ ಒಡಲನ್ನು ಎಲ್ಬಾ ನದಿಯಲ್ಲಿ ಡ್ರೆಸ್ಡೆನ್‌ವರೆಗೆ ಎಳೆದು ತಂದರು. ಅಲ್ಲಿಂದ ಚಕ್ರಗಳ ಮೇಲೇರಿಸಿ, ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್ ಸಾಗಿಸಿ, ಇಂಗೋಲ್‌ಸ್ಟಾಟ್‌ನಲ್ಲಿ ಡ್ಯಾನ್ಯೂಬ್ ನದಿಗೆ ಇಳಿಸಿದರು. ಅಲ್ಲಿಂದ ಸಮುದ್ರಕ್ಕೆ 2,450 ಕಿಲೋಮೀಟರ್, ತಲಕಾವೇರಿಯಿಂದ ಪೂಂಪುಹಾರದವರೆಗಿನ ಕಾವೇರಿಯನ್ನು ಮೂರು ಸಲ ಉದ್ದಕ್ಕೆ ಹಾಸಿದಷ್ಟು. ರಸ್ತೆಯ ಭಾಗವನ್ನು ನಮ್ಮ ಕಡೆ ತಂದರೆ, ಯಶವಂತಪುರದಲ್ಲಿ 35 ಮೀಟರಿನ ಯುದ್ಧದೋಣಿಯನ್ನು ಟ್ರೇಲರಿಗೆ ಹತ್ತಿಸಿ, ತುಮಕೂರು ರಸ್ತೆ ಹಿಡಿದು, ಹಾಸನ ಕಳೆದು, ಶಿರಾಡಿ ಘಾಟಿಯ ಒಂದೊಂದು ತಿರುವಿನಲ್ಲೂ ದೇವರನ್ನು ನೆನೆದು ಮಂಗಳೂರು ಮುಟ್ಟಿಸಿದ ಮೇಲೂ 100 ಕಿಲೋಮೀಟರ್ ಬಾಕಿ ಉಳಿಯುತ್ತದೆ. ಇದೇ ದಾರಿಯಲ್ಲಿ ಅವರು ಆರು ಜಲಾಂತರ್ಗಾಮಿಗಳನ್ನೂ ಒಯ್ದರು. ಅವುಗಳ ರಸ್ತೆ ಪ್ರಯಾಣದ ವೇಗ ಗಂಟೆಗೆ 8 ಕಿಲೋಮೀಟರ್. ನಿಧಾನ ಎನ್ನುವವರು, 2018ರ ಕೊನೆಗೆ ತಮಿಳುನಾಡಿನ ವಂದವಾಸಿಯಿಂದ ಬೆಂಗಳೂರಿನ ಈಜಿಪುರಕ್ಕೆಂದು 240 ಚಕ್ರಗಳ ಟ್ರೇಲರಿನ ಮೇಲೆ ಹೊರಟ ಏಕಶಿಲಾ ವಿಗ್ರಹ ದಾರಿಯಲ್ಲಿ ತಿಂಗಳುಗಟ್ಟಲೆ ಕಳೆದದ್ದನ್ನು ನೆನಪಿಸಿಕೊಳ್ಳಲಿ.

35 ಮೀಟರ್ ಎಷ್ಟೆಂದು ಕಣ್ಣಾರೆ ಕಾಣಬೇಕಾದವರು ಕಾರವಾರಕ್ಕೆ ಹೋಗಿ ಬನ್ನಿ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ 38.6 ಮೀಟರ್ ಉದ್ದದ ಕ್ಷಿಪಣಿ ದೋಣಿ. ಸೋವಿಯತ್ ಉಕ್ಕಿನದು, ಮರದ್ದಲ್ಲ. ಆದರೂ ಮೂತಿಯಿಂದ ಬಾಲದವರೆಗೆ ನಡೆದು, ಮೂರೂವರೆ ಮೀಟರ್ ಕಳೆಯಿರಿ. ಎಸ್-ಬೋಟು ಅಷ್ಟೇ. ಈ ಅಳತೆ ಆ ಕಾಲದವರಿಗೆಲ್ಲ ಹಿಡಿಸಿತ್ತೆಂದು ಕಾಣುತ್ತದೆ: ಬ್ರಿಟಿಷರ ಫೇರ್‌ಮೈಲ್-ಬಿ ಮರದ ದೋಣಿ 112 ಅಡಿ, ಸುಮಾರು 650 ಕಟ್ಟಿದರು, ಕೆಲವು ಮುಂಬೈ ಮತ್ತು ಕಲ್ಕತ್ತೆಯಲ್ಲೂ.

ಒಂಬತ್ತು ಎಸ್-ಬೋಟು ಸೇರಿದರೆ 900 ಟನ್. 1944ರ ಏಪ್ರಿಲ್ 28ರ ನಸುಕಿನಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ಕೊಲ್ಲಿಗೆ ಅಷ್ಟೇ ಬಂದವು. ಅಲ್ಲಿ ನಾರ್ಮಂಡಿಯಲ್ಲಿ ಇಳಿಯುವ ತಾಲೀಮು ನಡೆಸಿದ್ದ ಎಂಟು ಅಮೆರಿಕನ್ ಸಾಗಣೆ ಹಡಗುಗಳಿದ್ದವು, ತುಂಬಿದಾಗ ಒಂದೊಂದೂ ಸುಮಾರು 4,000 ಟನ್. ಒಂಬತ್ತೂ ದೋಣಿಗಳನ್ನು ಕೂಡಿಸಿದರೂ ಅಂಥ ಒಂದು ಹಡಗಿನ ಕಾಲು ಭಾಗವಿಲ್ಲ. ಎರಡು ಹಡಗು ಮುಳುಗಿದವು, ಒಂದು ಹರಿದುಹೋಗಿ ದಡ ಸೇರಿತು. ಸತ್ತವರು 749. ಜೂನ್ 6ರಂದು ನಿಜವಾಗಿ ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದಾಗ ಸತ್ತವರಿಗಿಂತ ಈ ತಾಲೀಮಿನಲ್ಲಿ ಸತ್ತವರೇ ಬಹಳ ಹೆಚ್ಚು. ಈ ಸಂಖ್ಯೆಯನ್ನು ಬಸ್ಸಿಗೂ ಬೋಗಿಗೂ ಹೋಲಿಸಲು ನನಗೆ ಮನಸ್ಸಿಲ್ಲ.

ಇಡೀ ಯುದ್ಧದ ಲೆಕ್ಕದಲ್ಲಿ ಎಸ್-ಬೋಟುಗಳ ಹೆಸರಿಗೆ ಬರೆದಿರುವುದು 101 ವ್ಯಾಪಾರಿ ಹಡಗು, 2,14,728 ಟನ್. ಹಡಗಿನ ಈ ಟನ್ನು ಭಾರವಲ್ಲ, ಒಳಗಿನ ಜಾಗ, ಆದ್ದರಿಂದ ಆನೆಗಳಿಗೆ ಇಲ್ಲಿ ರಜೆ ಕೊಡೋಣ. ನೀರಿನ ಟ್ಯಾಂಕರ್ ಕರೆಸೋಣ. ಮುಳುಗಿದ ಆ ಜಾಗವನ್ನೆಲ್ಲ 6,000 ಲೀಟರಿನ ಟ್ಯಾಂಕರುಗಳಿಂದ ತುಂಬಿಸಲು 1,01,000 ಲೋಡು ಬೇಕು. ಆ ಟ್ಯಾಂಕರುಗಳನ್ನು ಹೆಬ್ಬಾಳದಿಂದ ಸಾಲು ನಿಲ್ಲಿಸಿದರೆ ಕೊನೆಯದು ಬೀದರ್ ಕೋಟೆಯ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ. ಅವೇ ದೋಣಿಗಳು ಹಾಕಿದ ಮೈನುಗಳಿಗೆ ಸಿಕ್ಕಿ ಮುಳುಗಿದ 37 ಹಡಗುಗಳ 1,48,535 ಟನ್ನನ್ನೂ ಕೂಡಿಸಿದರೆ ಲೋಡು 1,71,000 ದಾಟುತ್ತದೆ, ಸಾಲು 1,200 ಕಿಲೋಮೀಟರ್ ಆಗಿ ಮುಂಬೈಯನ್ನು ಹಿಂದೆ ಹಾಕಿ ಸೂರತ್ ದಾರಿ ಹಿಡಿಯುತ್ತದೆ. ಇಷ್ಟನ್ನೂ ಮಾಡಿದ್ದು ಮರದ ದೋಣಿಗಳು.

ಅಂಥ ದೋಣಿ ಇನ್ನೂರಕ್ಕೂ ಹೆಚ್ಚು ಕಟ್ಟಿದ್ದರು. ಉಳಿದಿರುವುದು 1. 1943ರಲ್ಲಿ ಹುಟ್ಟಿದ ಎಸ್-130, ಲೈಮ್ ಕೊಲ್ಲಿಗೆ ಬಂದ ಒಂಬತ್ತರಲ್ಲೂ ಇತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಗುಪ್ತಚರರನ್ನು ಬಾಲ್ಟಿಕ್ ತೀರಕ್ಕೆ ಒಯ್ದು ಇಳಿಸಿತು, ಆಮೇಲೆ ಪಶ್ಚಿಮ ಜರ್ಮನಿಯ ನೌಕಾಪಡೆ ಸೇರಿತು, ಆಮೇಲೆ ಯಾರದೋ ತೇಲುವ ಮನೆಯಾಯಿತು.

ಸೋತ ನೌಕಾಪಡೆಯ ಉಳಿದ ಮರದ ದೋಣಿಗಳಿಗೂ ಕೆಲಸ ತಪ್ಪಲಿಲ್ಲ. ಯುದ್ಧದ ಮುನ್ನ ಮತ್ತು ಯುದ್ಧದಲ್ಲಿ ಜರ್ಮನರು ಮೈನು ಗುಡಿಸಲೆಂದೇ ಕಟ್ಟಿದ್ದ ಆರ್-ಬೋಟುಗಳು 424. ಅವುಗಳಲ್ಲಿ ಹಲವನ್ನೂ ನಮ್ಮ ಬೋಗಿಯುದ್ದದ ಮೀನುದೋಣಿಗಳಲ್ಲಿ ಕೆಲವನ್ನೂ ಒಟ್ಟುಗೂಡಿಸಿ, ಮಿತ್ರರಾಷ್ಟ್ರಗಳು 1945ರಲ್ಲಿ ಜರ್ಮನ್ ನಾವಿಕರಿಂದಲೇ ಸಮುದ್ರ ಗುಡಿಸಲು ಹಚ್ಚಿದವು. ಸುಮಾರು 300 ನೌಕೆ, 27,000 ಜನ. ಯಲಹಂಕದ ಹೊಸ ಉಪನಗರದಂಥ ಒಂದು ಬಡಾವಣೆ ಎದ್ದು ಸಮುದ್ರಕ್ಕೆ ಹೋದ ಹಾಗೆ. 1947ರ ಕೊನೆಯವರೆಗೂ ಗುಡಿಸಿದರು. ಯುದ್ಧ ಬಿತ್ತಿದ್ದನ್ನು ಕೀಳುವಾಗ 348 ಜನ ಸತ್ತರು.

ಇನ್ನು ಒಂದು ಗುಣಾಕಾರ ಬಾಕಿ ಇದೆ. ಆ ಮೀನುದೋಣಿ ಒಮ್ಮೆ ಡೀಸೆಲ್ ತುಂಬಿಸಿಕೊಂಡರೆ 1,200 ನಾಟಿಕಲ್ ಮೈಲಿ ಹೋಗುತ್ತಿತ್ತು, ಅಂದರೆ 2,222 ಕಿಲೋಮೀಟರ್. 612 ದೋಣಿಗಳೂ ಒಂದೇ ಒಂದು ಸಲ ಟ್ಯಾಂಕು ತುಂಬಿಸಿ, ಖಾಲಿಯಾಗುವವರೆಗೆ ಓಡಿದವೆನ್ನಿ. ಎಲ್ಲವೂ ಕ್ರಮಿಸಿದ ದೂರ ಕೂಡಿಸಿದರೆ 13 ಲಕ್ಷ 60 ಸಾವಿರ ಕಿಲೋಮೀಟರ್. ಭೂಮಿಯ ಹೊಟ್ಟೆಯ ಸುತ್ತ 34 ಪ್ರದಕ್ಷಿಣೆ! ಆ ಮೊತ್ತವನ್ನು ಒಂದೇ ದೋಣಿಗೆ ವಹಿಸಿದರೆ, 9 ನಾಟ್ ವೇಗದಲ್ಲಿ ಹಗಲೂ ರಾತ್ರಿ ನಿಲ್ಲದೆ ಓಡಿ ಮುಗಿಸಲು ಸುಮಾರು 9 ವರ್ಷ 4 ತಿಂಗಳು ಬೇಕು. ಮೂತಿಯನ್ನು ಮೇಲಕ್ಕೆತ್ತಿ ಚಂದ್ರನ ಕಡೆ ತಿರುಗಿಸಿದರೆ, ಈ 220 ಅಶ್ವಶಕ್ತಿಯ ಮರದ ದೋಣಿ ಚಂದ್ರನನ್ನು ಮುಟ್ಟಿ, ಹೆಬ್ಬಾಳಕ್ಕೆ ವಾಪಸು ಬಂದು, ಮತ್ತೆ ಚಂದ್ರನಿಗೆ ಹೋಗಿ, ಎರಡನೆಯ ಸಲ ಮನೆಗೆ ಮರಳುವ ನಡುದಾರಿಯಲ್ಲಿ ಅದರ ಡೀಸೆಲ್ ಮುಗಿಯುತ್ತದೆ.